ಹಳೆ ಡಿಸ್ಕಿಗೆ ಬೆಲೆ ಕಟ್ಟುವವರು

ಸೋನಿಯ ವಿಡಿಯೋ ಗೇಮ್ ಯಂತ್ರ ಪ್ಲೇಸ್ಟೇಷನ್ 5 ಭಾರತದ ಮಾರುಕಟ್ಟೆಗೆ ಬಂದದ್ದು 2021ರ ಫೆಬ್ರುವರಿ 2ರಂದು. ಆಗ ಡಿಸ್ಕ್ ಹಾಕಲು ಬರುವ ಯಂತ್ರಕ್ಕೆ 49,990 ರೂಪಾಯಿ, ಡಿಸ್ಕಿಗೆ ಜಾಗವೇ ಇಲ್ಲದ ಡಿಜಿಟಲ್ ಯಂತ್ರಕ್ಕೆ 39,990. ಹತ್ತು ಸಾವಿರ ಉಳಿಯಿತು ಎಂದು ಎರಡನೆಯದನ್ನು ಮನೆಗೆ ತಂದವರು ಬಿಟ್ಟುಕೊಟ್ಟದ್ದೇನು ಎಂಬ ಲೆಕ್ಕವನ್ನೂ ಹಾಕಬೇಕು. ಸೋನಿಯ ದೊಡ್ಡ ಆಟವೊಂದರ ಬೆಲೆ ಆಗ 4,999 ರೂಪಾಯಿ ಇತ್ತು. ಆಡಿ ಮುಗಿಸಿದ ಡಿಸ್ಕನ್ನು ಅರ್ಧ ಬೆಲೆಗೆ ಮಾರಿದರೂ ನಾಲ್ಕು ಆಟಕ್ಕೆ ಆ ಹತ್ತು ಸಾವಿರ ತಿರುಗಿ ಕೈಗೆ ಬರುತ್ತದೆ. ಡಿಜಿಟಲ್ ಆಟವನ್ನು ಮಾರಲಿಕ್ಕೂ ಬರುವುದಿಲ್ಲ, ಗೆಳೆಯನಿಗೆ ಕಡ ಕೊಡಲಿಕ್ಕೂ ಬರುವುದಿಲ್ಲ.

ಹೊಸ ಗೇಮುಗಳ ಜೊತೆಗೆ ಹಳೆಯವನ್ನೂ ಕೊಂಡು, ಮಾರಿ, ಬದಲಿ ಕೊಡುವ ಸರಣಿ ಅಂಗಡಿಗಳನ್ನು ಅಳೆಯಲು ಹೊರಟರೆ ನಾನು ಈ ಲೆಕ್ಕದಿಂದಲೇ ಶುರು ಮಾಡುತ್ತೇನೆ. ನಮ್ಮ ದೇಶದಲ್ಲಿ ಗೇಮ್ಸ್ ದ ಶಾಪ್, ಗೇಮ್‌ಫೋರ್‌ಯು ಎಂಬ ಎರಡು ಹೆಸರುಗಳು ಆಟಗಾರರಿಗೆ ಪರಿಚಿತ. ಇವು ಬೆಳೆದದ್ದು ಮಹಾನಗರಗಳ ಮಾಲ್‌ಗಳ ನೆರಳಿನಲ್ಲಿ. ನಮ್ಮ ಕಡೆಯ ತಾಲ್ಲೂಕುಗಳಾದ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಪೇಟೆಗಳಲ್ಲಿ ಇಂಥ ಅಂಗಡಿಯನ್ನು ನಾನು ಕಂಡಿಲ್ಲ. ಒರಿಜಿನಲ್ ಡಿಸ್ಕ್ ಬೇಕೆಂದರೆ ನಿಪ್ಪಾಣಿಯ ಹುಡುಗ ಕೊಲ್ಹಾಪುರದ ಬಸ್ಸು ಹತ್ತಬೇಕು, ಕಾಗವಾಡ ಮತ್ತು ಅಥಣಿಯವರು ಮಿರಜ, ಸಾಂಗಲಿಯ ದಾರಿ ಹಿಡಿಯಬೇಕು, ಚಿಕ್ಕೋಡಿಯವರಿಗೆ ಬೆಳಗಾವಿ. ಇಲ್ಲವಾದರೆ ಆನ್‌ಲೈನ್.

ಆದರೆ ಆಟ ಬದಲಿಸಿಕೊಳ್ಳುವ ಪದ್ಧತಿ ನಮಗೆ ಹೊಸದಲ್ಲ. ಟಿವಿಗೆ ಜೋಡಿಸಿ ಆಡುವ ಅಗ್ಗದ ವಿಡಿಯೋ ಗೇಮುಗಳ ಕಾಲದಲ್ಲಿ ಒಂದು ಕ್ಯಾಸೆಟ್ ಓಣಿಯೆಲ್ಲ ತಿರುಗುತ್ತಿತ್ತು. ಟಿವಿ ರಿಪೇರಿ ಅಂಗಡಿಗೆ ಹಳೆ ಕ್ಯಾಸೆಟ್ ಒಯ್ದು, ಮೇಲೆ ಒಂದಿಷ್ಟು ಚಿಲ್ಲರೆ ಕೊಟ್ಟು ಬೇರೆಯದನ್ನು ತರುವುದು ಹುಡುಗರ ನಿತ್ಯದ ವ್ಯವಹಾರ. ಆಮೇಲೆ ಪ್ಲೇಸ್ಟೇಷನ್ 2 ಬಂತು. ಅದರೊಳಗೆ ಚಿಪ್ ಕೂರಿಸಿ, ನಕಲಿ ಡಿಸ್ಕ್ ಹಾಕಿ ಆಡುವ ಅಭ್ಯಾಸ ದೇಶದ ಸಣ್ಣ ಊರುಗಳಲ್ಲೆಲ್ಲ ಹರಡಿತು. ಅದನ್ನು ಬರೀ ಕಳ್ಳತನವೆಂದು ಬೈದರೆ ಪೂರ್ತಿ ಚಿತ್ರ ಸಿಗುವುದಿಲ್ಲ. ನ್ಯಾಯವಾದ ಅಗ್ಗದ ದಾರಿಯೊಂದು ಹತ್ತಿರದಲ್ಲಿ ಇರಲಿಲ್ಲ. ಹಳೆ ಒರಿಜಿನಲ್ ಡಿಸ್ಕನ್ನು ಕಡಿಮೆ ಬೆಲೆಗೆ ಕೊಡುವ ಅಂಗಡಿ ಮಾಡಬಹುದಾಗಿದ್ದ ದೊಡ್ಡ ಕೆಲಸವೇ ಅದು: ಕಾಸಿಲ್ಲದವನನ್ನೂ ಪ್ರಾಮಾಣಿಕ ಗಿರಾಕಿಯನ್ನಾಗಿ ಮಾಡುವುದು.

ನಮ್ಮ ಐದೂ ತಾಲ್ಲೂಕುಗಳಲ್ಲಿ ಹಣ ತಿಂಗಳ ಸಂಬಳದಂತೆ ಸಮನಾಗಿ ಬರುವ ಮನೆಗಳು ಕಡಿಮೆ. ಕಬ್ಬಿನ ಬಿಲ್ಲು ಕಾರ್ಖಾನೆಯಿಂದ ಒಮ್ಮೆ ಬರುತ್ತದೆ, ನಿಪ್ಪಾಣಿ ಕಡೆ ತಂಬಾಕಿನ ದುಡ್ಡು ಒಮ್ಮೆ. ಬಿಲ್ಲು ಬಂದಾಗ ಮಗನ ಹಟಕ್ಕೆ ಮಣಿದು ಯಂತ್ರ ಕೊಡಿಸಿದ ಅಪ್ಪ ಮತ್ತೆ ಐದು ಸಾವಿರದ ಆಟ ಕೊಡಿಸಲು ಮುಂದಿನ ಹಂಗಾಮು ಕಾಯುತ್ತಾನೆ. ಆ ನಡುವೆ ಹುಡುಗನ ಕೈಯಲ್ಲಿರುವ ಬಂಡವಾಳವೆಂದರೆ ಆಡಿ ಮುಗಿಸಿದ ಡಿಸ್ಕ್ ಒಂದೇ. ಡೌನ್‌ಲೋಡ್ ಮಾಡಿಕೊಳ್ಳಿ ಎಂದು ಸಲಹೆ ಕೊಡುವವರು ತೋಟದ ಮನೆಯ ಇಂಟರ್ನೆಟ್ಟನ್ನು ನೋಡಬೇಕು. ದಿನಕ್ಕೆ 2 ಜಿಬಿಯ ಮೊಬೈಲ್ ಪ್ಯಾಕಿನಲ್ಲಿ 60 ಜಿಬಿಯ ಆಟ ಇಳಿಯಲು ತಿಂಗಳು ಬೇಕು, ಅದೂ ಮನೆಯಲ್ಲಿ ಬೇರೆ ಯಾರೂ ಫೋನ್ ಮುಟ್ಟದಿದ್ದರೆ.

ಹಳೆ ಆಟಗಳ ವ್ಯಾಪಾರ ಎಷ್ಟು ದೂರ ಹೋಗಬಹುದು, ಎಲ್ಲಿ ಎಡವಬಹುದು ಎಂದು ತಿಳಿಯಲು ಅಮೆರಿಕದ ಗೇಮ್‌ಸ್ಟಾಪ್ ಕಡೆ ನೋಡಬೇಕು. 1984ರಲ್ಲಿ ಡಲ್ಲಾಸ್‌ನಲ್ಲಿ ಬ್ಯಾಬೇಜಸ್ ಎಂಬ ಹೆಸರಿನಲ್ಲಿ ಹುಟ್ಟಿದ ಅಂಗಡಿ ಅದು. ಆಮೇಲೆ ಬಾರ್ನ್ಸ್ ಅಂಡ್ ನೋಬಲ್ ಪುಸ್ತಕ ಕಂಪನಿಯ ಕೈಸೇರಿ, 2004ರಲ್ಲಿ ಬೇರೆಯಾಗಿ, 2005ರಲ್ಲಿ ಇಬಿ ಗೇಮ್ಸ್ ಸರಣಿಯನ್ನೂ ನುಂಗಿ, ಏಳು ಸಾವಿರಕ್ಕೂ ಮಿಕ್ಕಿ ಮಳಿಗೆಗಳನ್ನು ಕಂಡಿತು. 2021ರ ಜನವರಿಯಲ್ಲಿ ಅದರ ಷೇರಿನ ಬೆಲೆ ಹುಚ್ಚೆದ್ದು ಏರಿದ ಗದ್ದಲದಿಂದ ಅದರ ಹೆಸರು ಭಾರತದಲ್ಲೂ ಕೇಳಿಬಂತು. ಆ ಗದ್ದಲಕ್ಕೂ ಆಟದ ಡಿಸ್ಕಿಗೂ ಸಂಬಂಧ ಕಡಿಮೆ. ನಾನು ಗಮನಿಸಬೇಕೆನ್ನುವುದು ಅದರ ವಾರ್ಷಿಕ ವರದಿಗಳಲ್ಲಿದ್ದ ಲಾಭದ ಅಂತರವನ್ನು. ಒಳ್ಳೆಯ ದಿನಗಳಲ್ಲಿ ಹೊಸ ಆಟದ ಮೇಲೆ ಅದಕ್ಕೆ ಸಿಗುತ್ತಿದ್ದ ಒಟ್ಟು ಲಾಭ ನೂರಕ್ಕೆ ಇಪ್ಪತ್ತರ ಆಸುಪಾಸು. ಹಳೆಯದರ ಮೇಲೆ ನಲವತ್ತೈದು ದಾಟುತ್ತಿತ್ತು. ಅಂದರೆ ಆಟಗಾರ ಮಾರಿದ ಬೆಲೆಗೂ ಅದೇ ಡಿಸ್ಕನ್ನು ಇನ್ನೊಬ್ಬ ಆಟಗಾರ ಕೊಂಡ ಬೆಲೆಗೂ ನಡುವೆ ಹೆಚ್ಚುಕಡಿಮೆ ಅರ್ಧ ಹಣ ಅಂಗಡಿಯಲ್ಲೇ ಉಳಿಯುತ್ತಿತ್ತು.

ಇಲ್ಲಿ ನನ್ನ ಆಕ್ಷೇಪಣೆ ಇದೆ. ನಮ್ಮ ದನದ ಪೇಟೆಯಲ್ಲಿ ಎತ್ತು ಬದಲಿಸುವವರು ಟವೆಲ್ಲಿನ ಕೆಳಗೆ ಬೆರಳು ಹಿಡಿದು ಬೆಲೆ ಮಾಡುತ್ತಾರೆ. ಸುತ್ತ ನಿಂತವರಿಗೆ ಅಂಕಿ ಕಾಣುವುದಿಲ್ಲ, ನಿಜ. ಆದರೆ ಬೆರಳು ಹಿಡಿದ ಇಬ್ಬರಿಗೂ ಬೆಲೆ ಗೊತ್ತು, ಇಬ್ಬರಿಗೂ ಒಲ್ಲೆ ಎಂದು ಕೈ ಬಿಡಿಸಿಕೊಳ್ಳುವ ಅವಕಾಶವಿದೆ. ದಲ್ಲಾಳಿ ಎರಡೂ ಕಡೆಯವರಿಗೆ ಮುಖ ತೋರಿಸಿ ತನ್ನ ದಲ್ಲಾಳಿಕೆ ಕೇಳಬೇಕು. ಸರಣಿ ಅಂಗಡಿಯ ಕೌಂಟರಿನಲ್ಲಿ ಬೆಲೆ ಕಟ್ಟುವುದು ಕಂಪ್ಯೂಟರು. ಹುಡುಗ ಡಿಸ್ಕ್ ಕೊಡುತ್ತಾನೆ, ಪರದೆಯ ಮೇಲೆ ಒಂದು ಅಂಕಿ ಬರುತ್ತದೆ, ಅದನ್ನು ಒಪ್ಪಬೇಕು ಅಥವಾ ಮನೆಗೆ ಹೋಗಬೇಕು. ಅದರ ಮೇಲೆ, ನಗದು ಬೇಕೆಂದರೆ ಕಡಿಮೆ, ಅಂಗಡಿಯಲ್ಲೇ ಖರ್ಚು ಮಾಡುವುದಾದರೆ ಹೆಚ್ಚು ಎಂಬ ನಿಯಮ. ಆಟವನ್ನು ಕೊಂಡವನೂ ಮಾರಿದವನೂ ಹದಿನಾರು ವರ್ಷದವನಾಗಿರುವಾಗ ಈ ವ್ಯವಹಾರ ಸಮನಾಗಿ ನಡೆಯಿತು ಎಂದು ನಾನು ಒಪ್ಪಲಾರೆ. ಅಂಗಡಿಗೆ ಬಾಡಿಗೆ ಇದೆ, ನೌಕರರಿದ್ದಾರೆ, ಗೀರು ಬಿದ್ದ ಡಿಸ್ಕಿನ ನಷ್ಟವಿದೆ, ಲಾಭ ಬೇಡವೆನ್ನುವುದಿಲ್ಲ. ಕೊಂಡ ಬೆಲೆ, ಮಾರುವ ಬೆಲೆ ಎರಡನ್ನೂ ಒಂದೇ ಚೀಟಿಯ ಮೇಲೆ ಬರೆದು ಅಂಟಿಸಿದರೆ ಸಾಕಿತ್ತು. ಆ ಪಾರದರ್ಶಕತೆಯನ್ನು ಇಂಥ ಕೌಂಟರಿನಲ್ಲಿ ನಾನು ಕಂಡಿಲ್ಲ.

ಆದರೂ ಅಂಗಡಿಯ ಪಕ್ಷ ಹಿಡಿಯಲೇಬೇಕಾದ ಗಳಿಗೆಯೊಂದು ಬಂತು. ಹಳೆ ಡಿಸ್ಕಿನಿಂದ ತಮಗೆ ಏನೂ ಬರುವುದಿಲ್ಲವೆಂದು ಆಟ ತಯಾರಿಸುವ ಕಂಪನಿಗಳು ಸಿಟ್ಟಾಗಿದ್ದವು. 2010ರಲ್ಲಿ ಎಲೆಕ್ಟ್ರಾನಿಕ್ ಆರ್ಟ್ಸ್ ‘ಆನ್‌ಲೈನ್ ಪಾಸ್’ ತಂದು, ಹಳೆ ಡಿಸ್ಕ್ ಕೊಂಡವನು ಆನ್‌ಲೈನ್ ಆಡಲು ಪ್ರತ್ಯೇಕ ಹಣ ಕಟ್ಟಬೇಕೆಂದಿತು. 2013ರಲ್ಲಿ ಅದನ್ನು ಕೈಬಿಟ್ಟಿತು. ಅದೇ ವರ್ಷ ಮೈಕ್ರೋಸಾಫ್ಟ್ ತನ್ನ ಎಕ್ಸ್‌ಬಾಕ್ಸ್ ಒನ್ ಯಂತ್ರದಲ್ಲಿ ಹಳೆ ಡಿಸ್ಕುಗಳ ಮರುಮಾರಾಟಕ್ಕೂ ಕಡ ಕೊಡುವುದಕ್ಕೂ ನಿರ್ಬಂಧ ಹಾಕಲು ಹೊರಟಿತು. ಸೋನಿ ಚಿಕ್ಕದೊಂದು ವಿಡಿಯೋ ಬಿಟ್ಟಿತು: ಒಬ್ಬ ಡಿಸ್ಕ್ ಕೊಡುತ್ತಾನೆ, ಇನ್ನೊಬ್ಬ ತೆಗೆದುಕೊಳ್ಳುತ್ತಾನೆ, ಅಷ್ಟೇ. ಜನರ ಕೋಪ ಎಷ್ಟಿತ್ತೆಂದರೆ ಜೂನ್ 19ರಂದು ಮೈಕ್ರೋಸಾಫ್ಟ್ ತನ್ನ ನಿರ್ಧಾರ ಹಿಂತೆಗೆದುಕೊಂಡಿತು. ಡಿಸ್ಕ್ ಕೈಯಿಂದ ಕೈಗೆ ದಾಟುವ ಪದ್ಧತಿಯನ್ನು ಜನ ಎಷ್ಟು ತಮ್ಮದೆಂದುಕೊಂಡಿದ್ದರು ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಆ ಭಾವನೆಯನ್ನು ವರ್ಷಗಟ್ಟಲೆ ಬೆಳೆಸಿದ ಕೀರ್ತಿ, ಲಾಭಕ್ಕಾಗಿಯೇ ಆಗಿರಲಿ, ಈ ಅಂಗಡಿಗಳಿಗೆ ಸಲ್ಲಬೇಕು.

ನಮ್ಮ ಕಾನೂನು ಈ ವಿಷಯದಲ್ಲಿ ಆಟಗಾರನ ಕಡೆಗೇ ವಾಲಿದೆ ಎಂಬುದು ಹೆಚ್ಚು ಜನರಿಗೆ ತಿಳಿದಿಲ್ಲ. 1957ರ ಕೃತಿಸ್ವಾಮ್ಯ ಕಾಯಿದೆಯ 14ನೇ ಕಲಮಿನಲ್ಲಿ ಕಂಪ್ಯೂಟರ್ ಪ್ರೋಗ್ರಾಮಿನ ಪ್ರತಿ ಹಿಂದೊಮ್ಮೆ ಮಾರಾಟವಾಗಿದ್ದರೂ ಅದರ ಮಾರಾಟದ ಹಕ್ಕು ಕೃತಿಸ್ವಾಮ್ಯದ ಮಾಲೀಕನಿಗೇ ಎನ್ನುವ ಮಾತಿತ್ತು. 1999ರ ತಿದ್ದುಪಡಿ ಆ ಮಾತನ್ನು ತೆಗೆದುಹಾಕಿತು. ಬೆಂಗಳೂರಿನ ಎಂಜಿನಿಯರಿಂಗ್ ಅನಾಲಿಸಿಸ್ ಸೆಂಟರ್ ಆಫ್ ಎಕ್ಸಲೆನ್ಸ್ ಕಂಪನಿಯ ತೆರಿಗೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2021ರ ಮಾರ್ಚ್ 2ರಂದು ಕೊಟ್ಟ ತೀರ್ಪು ಈ ಬದಲಾವಣೆಯ ತೂಕವನ್ನು ಗುರುತಿಸಿತು. ಒಮ್ಮೆ ನ್ಯಾಯವಾಗಿ ಮಾರಿದ ಪ್ರತಿಯ ಮೇಲೆ ಮಾರಿದವನ ಹಿಡಿತ ಸಡಿಲುತ್ತದೆ ಎಂಬ ತತ್ವ ಹಳೆ ಡಿಸ್ಕಿನ ವ್ಯಾಪಾರಕ್ಕೆ ನೆಲೆ. ಆದರೆ ಆ ತತ್ವ ನಿಲ್ಲುವುದು ಕೈಯಲ್ಲಿ ಹಿಡಿಯುವ ಪ್ರತಿಯೊಂದು ಇದ್ದಾಗ ಮಾತ್ರ. ಡೌನ್‌ಲೋಡಿನಲ್ಲಿ ಸಿಗುವುದು ಬಳಕೆಯ ಪರವಾನಗಿ. ಅದನ್ನು ದಾಟಿಸಲು ದಾರಿಯಿಲ್ಲ.

ಡಿಸ್ಕಿದ್ದರೂ ಸಾಲದಂಥ ದಿನವೂ ಬಂದಾಯಿತು. ಯೂಬಿಸಾಫ್ಟ್ 2014ರಲ್ಲಿ ಮಾರಿದ ‘ದ ಕ್ರೂ’ ಎಂಬ ಕಾರಿನ ಆಟದ ಸರ್ವರುಗಳನ್ನು 2024ರ ಮಾರ್ಚ್ ಕೊನೆಗೆ ನಿಲ್ಲಿಸಿತು. ಸರ್ವರಿಲ್ಲದೆ ಆಟ ನಡೆಯದ ಕಾರಣ, ದುಡ್ಡು ಕೊಟ್ಟು ಕೊಂಡ ಡಿಸ್ಕ್ ಆ ದಿನದಿಂದ ಆಡಲು ಬಾರದಾಯಿತು. ಅಂಥ ಡಿಸ್ಕನ್ನು ಹಳೆ ಆಟದ ಅಂಗಡಿ ಎಷ್ಟಕ್ಕೆ ಕೊಂಡೀತು? ಅದೇ ವರ್ಷ ಕ್ಯಾಲಿಫೋರ್ನಿಯಾ, ಡಿಜಿಟಲ್ ಸರಕು ಮಾರುವವರು ತಾವು ಕೊಡುತ್ತಿರುವುದು ಪರವಾನಗಿ ಮಾತ್ರ ಎಂದು ಗಿರಾಕಿಗೆ ಸ್ಪಷ್ಟವಾಗಿ ಹೇಳಬೇಕೆಂಬ ಕಾನೂನು ತಂದಿತು.

ನಮ್ಮಲ್ಲಿ 2019ರ ಗ್ರಾಹಕ ಸಂರಕ್ಷಣಾ ಕಾಯಿದೆ ಇದೆ, ಜಿಲ್ಲೆಗೊಂದು ಗ್ರಾಹಕ ಆಯೋಗವಿದೆ. ಡಿಜಿಟಲ್ ಯಂತ್ರದ ಪೆಟ್ಟಿಗೆಯ ಮೇಲೆ ದೊಡ್ಡ ಅಕ್ಷರದಲ್ಲಿ ‘ಇದರಲ್ಲಿ ಕೊಂಡ ಆಟವನ್ನು ಮಾರಲಾಗದು’ ಎಂದು ಬರೆಯಿಸುವುದು ಆಗದ ಕೆಲಸವಲ್ಲ. ಕನ್ನಡದಲ್ಲಿ ಬರೆಯಲಿ, ನಮ್ಮ ಗಡಿಯಲ್ಲಿ ಮರಾಠಿಯಲ್ಲೂ ಬರೆಯಲಿ. ಕೊಲ್ಹಾಪುರದ ಅಂಗಡಿಯಲ್ಲಿ ಅಪ್ಪನ ಪಕ್ಕ ನಿಂತ ನಿಪ್ಪಾಣಿಯ ಹುಡುಗ ಎರಡು ಪೆಟ್ಟಿಗೆಗಳಲ್ಲಿ ಯಾವುದನ್ನು ಎತ್ತಿಕೊಳ್ಳಬೇಕೆಂದು ಆಗ ತಾನೇ ತೀರ್ಮಾನಿಸುತ್ತಾನೆ.