ಹುಲಿಯ ಕತೆ ಮತ್ತೆ ಅಚ್ಚಾಯಿತು, ಹೊರೆ ಹೊತ್ತವರ ಕತೆ ಎಲ್ಲಿ?

ಹಳೆಯ ಪುಸ್ತಕವೊಂದನ್ನು ಮತ್ತೆ ಅಚ್ಚು ಹಾಕುವುದು ಯಾರಿಗೂ ತೊಂದರೆ ಕೊಡದ ಒಳ್ಳೆಯ ಕೆಲಸ ಅಂತ ನಮ್ಮಲ್ಲಿ ಬಹಳ ಜನ ನಂಬಿದ್ದಾರೆ. ಅಟ್ಟದ ಮೇಲಿದ್ದ ಹಿತ್ತಾಳೆ ಪಾತ್ರೆ ಇಳಿಸಿ, ಹುಣಸೆಹಣ್ಣು ಹಾಕಿ ತಿಕ್ಕಿ, ಮತ್ತೆ ಒಲೆ ಮೇಲೆ ಇಟ್ಟ ಹಾಗೆ. ಆ ಪಾತ್ರೆಯಲ್ಲಿ ಹಿಂದೆ ಏನು ಬೇಯಿಸಿದ್ದರು, ಯಾರಿಗೆ ಬಡಿಸಿದರು, ಯಾರನ್ನು ಹೊಸಿಲ ಆಚೆ ನಿಲ್ಲಿಸಿದರು ಅನ್ನೋದನ್ನ ಯಾರೂ ಕೇಳೋದಿಲ್ಲ. ಪಾತ್ರೆ ಹೊಳೆಯುತ್ತಿದೆ, ಅಷ್ಟು ಸಾಕು.

ಸಾಹಸದ ಐತಿಹಾಸಿಕ ಕಾದಂಬರಿಗಳು, ಯುದ್ಧದ ನೆನಪಿನ ಪುಸ್ತಕಗಳು ಈಚಿನ ವರ್ಷಗಳಲ್ಲಿ ಹೀಗೆ ಹೊಳಪು ಪಡೆದು ಬರುತ್ತಿವೆ. ಕಾಪಿರೈಟು ಮುಗಿದಿದೆ, ಲೇಖಕನಿಗೆ ದುಡ್ಡು ಕೊಡಬೇಕಿಲ್ಲ. ಹಳೆಯ ಪುಟಗಳ ಫೋಟೋ ತೆಗೆದು ಹೊಸ ರಟ್ಟು ಹಾಕಿದರೆ ಮುಗಿಯಿತು. ನಮ್ಮ ನೆಲಕ್ಕೆ ನೇರವಾಗಿ ಸಂಬಂಧಪಟ್ಟ ಕೆಲವು ಪುಸ್ತಕಗಳನ್ನೇ ಎತ್ತಿಕೊಂಡು ಇದನ್ನು ನೋಡೋಣ.

ಇಂಗ್ಲೆಂಡಿನ ಜಿ.ಎ. ಹೆಂಟಿ (1832–1902) ಹುಡುಗರಿಗಾಗಿ ನೂರಕ್ಕೂ ಹೆಚ್ಚು ಕಾದಂಬರಿ ಬರೆದವನು. ಯುದ್ಧದ ವರದಿಗಾರನಾಗಿದ್ದವನು. 1896ರಲ್ಲಿ ಬಂದ ಇವನ ‘ದಿ ಟೈಗರ್ ಆಫ್ ಮೈಸೂರ್’ ಟಿಪ್ಪುವಿನ ಕಾಲದ ಕತೆ. ಡಿಕ್ ಹಾಲೆಂಡ್ ಅನ್ನೋ ಹುಡುಗ, ಟಿಪ್ಪುವಿನ ಸೆರೆಯಲ್ಲಿದ್ದಾನೆ ಎನ್ನಲಾದ ತನ್ನ ತಂದೆಯನ್ನು ಹುಡುಕಿಕೊಂಡು ಬರುತ್ತಾನೆ. ಕಾರ್ನ್‌ವಾಲಿಸ್‌ನ ಸೈನ್ಯ ಸೇರುತ್ತಾನೆ, ವೇಷ ಮರೆಸಿ ಶ್ರೀರಂಗಪಟ್ಟಣದ ಒಳಗೆ ನುಗ್ಗುತ್ತಾನೆ, ಕೊನೆಗೆ ನಮ್ಮ ಮಾಗಡಿ ಪಕ್ಕದ ಸಾವನದುರ್ಗದಲ್ಲಿ ತಂದೆಯನ್ನು ಕಾಣುತ್ತಾನೆ. ಹೆಂಟಿಯ ಪುಸ್ತಕಗಳು 1990ರ ದಶಕದಿಂದ ಅಮೆರಿಕದಲ್ಲಿ, ಮಕ್ಕಳಿಗೆ ಮನೆಯಲ್ಲೇ ಪಾಠ ಹೇಳುವ ಕ್ರೈಸ್ತ ಕುಟುಂಬಗಳಿಗಾಗಿ ಮತ್ತೆ ಅಚ್ಚಾಗಿವೆ. ಅಲ್ಲಿನ ಎಷ್ಟೋ ಮಕ್ಕಳಿಗೆ ಅದೇ ಇತಿಹಾಸದ ಪಾಠ.

ಇದಕ್ಕಿಂತ ಹಿಂದಿನವನು ಮೆಡೋಸ್ ಟೇಲರ್ (1808–1876). ನಿಜಾಮನ ಚಾಕರಿಯಲ್ಲಿದ್ದು, 1841ರಿಂದ 1853ರವರೆಗೆ ಸುರಪುರದಲ್ಲಿ ಅಧಿಕಾರ ನಡೆಸಿದವನು. ಇವನ ‘ಟಿಪ್ಪು ಸುಲ್ತಾನ್’ ಕಾದಂಬರಿ 1840ರದು. 1986ರಲ್ಲಿ ದೆಹಲಿಯ ಏಷಿಯನ್ ಎಜುಕೇಷನಲ್ ಸರ್ವೀಸಸ್ ಅದನ್ನು ಮರುಮುದ್ರಿಸಿತು. ಇನ್ನು ಯುದ್ಧದ ನೆನಪುಗಳಲ್ಲಿ 1792ರ ದಂಡಯಾತ್ರೆಯ ಬಗ್ಗೆ ಮೇಜರ್ ಡಿರೋಮ್ 1793ರಲ್ಲಿ ಬರೆದ ಪುಸ್ತಕವಿದೆ. ಟಿಪ್ಪುವಿನ ಸೆರೆಯಲ್ಲಿದ್ದ ಜೇಮ್ಸ್ ಬ್ರಿಸ್ಟೋ (1793), ಜೇಮ್ಸ್ ಸ್ಕರಿ (1824) ಇವರ ಸೆರೆಮನೆ ಕಥನಗಳಿವೆ.

ಇವುಗಳನ್ನ ಓದಬಾರದು, ಸುಟ್ಟುಬಿಡಿ ಅಂತ ನಾವು ಹೇಳ್ತಾ ಇಲ್ಲ. ಪುಸ್ತಕ ಸುಡುವ ಕೆಲಸ ನಮ್ಮದಲ್ಲ. ಮನುಸ್ಮೃತಿಯನ್ನು 1927ರ ಡಿಸೆಂಬರ್ 25ರಂದು ಮಹಾಡಿನಲ್ಲಿ ಸುಟ್ಟದ್ದು ಬೇರೆ ಮಾತು. ಅದು ಮನುಷ್ಯನನ್ನು ಮನುಷ್ಯ ಮುಟ್ಟಬಾರದು ಅಂತ ಆಳುತ್ತಿದ್ದ ಕಾನೂನು. ಕತೆ ಪುಸ್ತಕವನ್ನು ಓದಬೇಕು, ಪೂರ್ತಿ ಓದಬೇಕು. ನಮ್ಮ ತಕರಾರು ಇರೋದು ಅದನ್ನು ಮತ್ತೆ ಅಚ್ಚು ಹಾಕುವ ರೀತಿಯ ಮೇಲೆ. ಬರೆದವನು ಸತ್ತು ನೂರು ವರ್ಷವಾಯಿತು, ಅವನು ಉತ್ತರ ಕೊಡಲಾರ. ಆದರೆ ಇವತ್ತು ಅಚ್ಚು ಹಾಕುವವನು ಬದುಕಿದ್ದಾನೆ. ಮುನ್ನುಡಿ ಬರೆಯುವವನು, ರಟ್ಟಿನ ಮೇಲೆ ಎರಡು ಸಾಲು ಹೊಗಳುವವನು, ಲೈಬ್ರರಿಗೆ ತರಿಸುವವನು ಎಲ್ಲರೂ ಬದುಕಿದ್ದಾರೆ. ಪ್ರಶ್ನೆ ಅವರಿಗೆ.

ಮೊದಲ ಪ್ರಶ್ನೆ: ಈ ದಂಡಿಗೆ ಅನ್ನ ಹೊತ್ತವರು ಯಾರು?

1791ರ ಮಾರ್ಚಿಯಲ್ಲಿ ಕಾರ್ನ್‌ವಾಲಿಸ್ ಬೆಂಗಳೂರನ್ನು ಹಿಡಿದ. ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದ ಬಾಗಿಲಿಗೆ ಹೋದ. ಅರಕೆರೆಯ ಹತ್ತಿರ ಕಾಳಗವನ್ನೂ ಗೆದ್ದ. ಗೆದ್ದವನು ಆಮೇಲೆ ತನ್ನ ದೊಡ್ಡ ತೋಪುಗಳನ್ನು ತಾನೇ ಒಡೆದು ಹಾಕಿ ಹಿಂದಕ್ಕೆ ಹೊರಟ. ಕಾರಣ ಏನು? ಎತ್ತುಗಳು ಸತ್ತವು, ದವಸ ಮುಗಿಯಿತು. ಟಿಪ್ಪುವಿನ ಕತ್ತಿಯ ಜೊತೆಗೆ ಹಸಿವೂ ಆ ದಂಡನ್ನು ಹಿಮ್ಮೆಟ್ಟಿಸಿತು. ಮುಂದಿನ ಸಲ ಆ ದಂಡು ಸುಧಾರಿಸಿಕೊಂಡು ಬರಲಿಕ್ಕೆ ಆಸರೆಯಾದವರಲ್ಲಿ ಸಾವಿರಾರು ಎತ್ತುಗಳ ಮೇಲೆ ದವಸ ಹೇರಿಕೊಂಡು ಬಂದ ಬಂಜಾರರು, ಅಂದರೆ ನಮ್ಮ ಲಂಬಾಣಿಗಳು, ಮುಖ್ಯರು. ಕಂಪನಿಯ ಯಾವ ದಂಡಿನಲ್ಲಿ ನೋಡಿದರೂ ಬಂದೂಕು ಹಿಡಿದವರಿಗಿಂತ ಹಿಂದೆ ನಡೆಯುವವರೇ ಹಲವು ಪಟ್ಟು. ಡೋಲಿ ಹೊರುವವರು, ಹುಲ್ಲು ಕೊಯ್ಯುವವರು, ನೀರು ಹೊರುವವರು, ಕುದುರೆ ಲಾಯದ ಸಗಣಿ ಬಾಚುವವರು, ಗುಡಾರ ಎತ್ತುವವರು. ಮದರಾಸು ಸೈನ್ಯದ ಪಯೊನೀರ್ ಪಡೆಗಳು ಕಾಡು ಕಡಿದು, ಬಂಡೆ ಒಡೆದು ದಾರಿ ಮಾಡಿದವು. ಆ ಪಡೆಗಳಲ್ಲಿ ಪರೆಯರು ಬಹಳ ಮಂದಿ ಇದ್ದರು.

ಡಿರೋಮ್‌ನ ಪುಸ್ತಕದಲ್ಲಿ ಇವರು ಇಲ್ಲವೇ ಇಲ್ಲ ಅಂತಲ್ಲ. ಬಂಜಾರರ ದವಸ ಬಂತು, ಬರಲಿಲ್ಲ ಅನ್ನೋ ಲೆಕ್ಕ ಇದೆ. ಹೆಸರಿಲ್ಲ, ಅಷ್ಟೇ. ಒಬ್ಬ ಲೆಫ್ಟಿನೆಂಟ್ ಸತ್ತರೆ ಹೆಸರು, ರೆಜಿಮೆಂಟು, ತಾರೀಖು. ಡೋಲಿ ಹೊತ್ತವನು ಸತ್ತರೆ ಒಂದು ಅಂಕಿ, ಅದೂ ಇದ್ದರೆ. 1793ರಲ್ಲಿ ಒಬ್ಬ ಇಂಗ್ಲಿಷ್ ಅಧಿಕಾರಿ ಹೀಗೆ ಬರೆದದ್ದು ಆಶ್ಚರ್ಯವಲ್ಲ. ಈ ಕಾಲದಲ್ಲಿ ಅದನ್ನೇ ಯಥಾಪ್ರತಿ ಅಚ್ಚು ಹಾಕಿ, ಈ ಬಗ್ಗೆ ಒಂದು ಅಡಿಟಿಪ್ಪಣಿಯನ್ನೂ ಕೊಡದೆ ಮಾರುವುದಿದೆಯಲ್ಲ, ಅದು ಆಶ್ಚರ್ಯ.

ಎರಡನೇ ಪ್ರಶ್ನೆ: ಈ ಕತೆಗಳು ಬರೀ ಕತೆಗಳಾಗಿಯೇ ಉಳಿದವೆ?

ಮೆಡೋಸ್ ಟೇಲರ್‌ನ ಇನ್ನೊಂದು ಕಾದಂಬರಿ ‘ಕನ್ಫೆಶನ್ಸ್ ಆಫ್ ಎ ಥಗ್’ (1839). ಅದು 1998ರಲ್ಲಿ ಆಕ್ಸ್‌ಫರ್ಡ್‌ನವರ ಕ್ಲಾಸಿಕ್ ಮಾಲೆಯಲ್ಲೂ ಬಂದಿದೆ. ಹುಟ್ಟಿನಿಂದಲೇ ಕೊಲೆಗಡುಕರಾದ ಜನ ಇದ್ದಾರೆ ಅನ್ನೋ ಕಲ್ಪನೆಯನ್ನು ಇಂಗ್ಲೆಂಡಿನ ಓದುಗರ ತಲೆಯಲ್ಲಿ ಊರಿದ ಪುಸ್ತಕಗಳಲ್ಲಿ ಅದೂ ಒಂದು. ಒಂದು ಕಾದಂಬರಿ ಕಾನೂನು ಮಾಡಿತು ಅಂತ ನಾನು ಹೇಳಲಾರೆ. ಆದರೆ ಅದೇ ಕಲ್ಪನೆ 1871ರಲ್ಲಿ ಕ್ರಿಮಿನಲ್ ಟ್ರೈಬ್ಸ್ ಕಾಯಿದೆಯಾಗಿ ಬಂತು. ಕಂಪನಿಯ ದಂಡಿಗೆ ದವಸ ಹೊತ್ತ ಬಂಜಾರರನ್ನೂ ಹಲವು ಕಡೆ ಆ ಪಟ್ಟಿಗೆ ಸೇರಿಸಿದರು. ಹೊರೆ ಹೊತ್ತಾಗ ಬೇಕಾದವರು, ರೈಲು ಬಂದು ಅವರ ಎತ್ತು ಬೇಡವಾದ ಮೇಲೆ ಹುಟ್ಟುಕಳ್ಳರಾದರು. ಈ ಕಾಯಿದೆ ರದ್ದಾಗಿದ್ದು 1952ರಲ್ಲಿ. ಪೊಲೀಸರ ಕಣ್ಣಿನಿಂದ ಅದು ಇನ್ನೂ ರದ್ದಾಗಿಲ್ಲ ಅನ್ನೋದು ತಾಂಡಾದವರನ್ನ ಕೇಳಿದರೆ ಗೊತ್ತಾಗುತ್ತೆ.

ಯುದ್ಧದ ನೆನಪುಗಳ ಕತೆಯೂ ಹೀಗೆಯೇ. ಲಾರ್ಡ್ ರಾಬರ್ಟ್ಸ್ 1881ರಿಂದ 1885ರವರೆಗೆ ಮದರಾಸಿನ ಸೇನಾಪತಿ, ಆಮೇಲೆ 1893ರವರೆಗೆ ಇಡೀ ಭಾರತದ ಸೇನಾಪತಿ. 1897ರಲ್ಲಿ ಬಂದ ಇವನ ‘ಫಾರ್ಟಿ ಒನ್ ಇಯರ್ಸ್ ಇನ್ ಇಂಡಿಯಾ’ ಇವತ್ತಿಗೂ ಅಚ್ಚಾಗುತ್ತಿರುವ ಪುಸ್ತಕ. ದಕ್ಷಿಣದವರು ಯುದ್ಧಕ್ಕೆ ಲಾಯಕ್ಕಲ್ಲ, ಉತ್ತರದ ಕೆಲವು ಜಾತಿಗಳೇ ವೀರ ಜಾತಿಗಳು ಅನ್ನೋ ಸಿದ್ಧಾಂತದ ಮುಖ್ಯ ಪೂಜಾರಿ ಇವನು. ನಮ್ಮ ಮನು ಹೇಳಿದ್ದನ್ನೇ ಇವನು ಇಂಗ್ಲಿಷಿನಲ್ಲಿ ಹೇಳಿದ. ಇದರ ಫಲ ಏನಾಯಿತು? 1890ರ ದಶಕದ ಆರಂಭದಲ್ಲಿ ಮಹಾರರನ್ನು ಸೈನ್ಯಕ್ಕೆ ಸೇರಿಸಿಕೊಳ್ಳುವುದು ನಿಂತುಹೋಯಿತು. 1818ರ ಜನವರಿ 1ರ ಕೋರೆಗಾಂವ್ ಕಾಳಗದ ಕಂಬದ ಮೇಲೆ ಸತ್ತವರ 49 ಹೆಸರುಗಳಿವೆ, ಅದರಲ್ಲಿ 22 ಮಹಾರರವು. ಪೇಶ್ವೆಯ ರಾಜ್ಯ ಮುರಿಯಲಿಕ್ಕೆ ಅವರ ಎದೆ ಬೇಕಿತ್ತು. ಮುರಿದು ಮುಗಿದ ಮೇಲೆ ವೀರರ ಪಟ್ಟಿಯಿಂದ ಅವರ ಜಾತಿಯೇ ಹೊರಗೆ.

ಸೈನ್ಯ ಅಂದರೆ ಆ ಜನಕ್ಕೆ ಬರೀ ಸಂಬಳವಲ್ಲ. ಅಲ್ಲಿ ಶಾಲೆ ಇತ್ತು. ಬಾಬಾಸಾಹೇಬರ ತಂದೆ ರಾಮ್‌ಜಿ ಸಕ್ಪಾಲರು ಸೈನ್ಯದಲ್ಲಿ ಸುಬೇದಾರರಾಗಿದ್ದರು, ಸೈನ್ಯದ ಶಾಲೆಯಲ್ಲಿ ಪಾಠ ಹೇಳಿದವರು. ಬಾಬಾಸಾಹೇಬರು 1891ರಲ್ಲಿ ಹುಟ್ಟಿದ್ದು ಮಹೂ ಎಂಬ ದಂಡಿನ ಊರಿನಲ್ಲಿ. ಆ ಬಾಗಿಲು ಮುಚ್ಚಿದಾಗ ನಿವೃತ್ತ ಸೈನಿಕ ಗೋಪಾಲ ಬಾಬಾ ವಲಂಗಕರ್ ಸರ್ಕಾರಕ್ಕೆ ಅರ್ಜಿ ಬರೆದರು. ಮತ್ತೆ ಮಹಾರ್ ರೆಜಿಮೆಂಟು ಕಟ್ಟಿದ್ದು 1941ರಲ್ಲಿ, ಅದೂ ನಮ್ಮ ಬೆಳಗಾವಿಯಲ್ಲಿ. ನಡುವಿನ ಸುಮಾರು ಐವತ್ತು ವರ್ಷ ಒಂದು ಜನಾಂಗದ ಮಕ್ಕಳಿಗೆ ಆಗಿದ್ದ ನಷ್ಟಕ್ಕೆ ಲೆಕ್ಕ ಇಟ್ಟವರಾರು? ಈಗ ಹೇಳಿ, ರಾಬರ್ಟ್ಸ್‌ನ ನೆನಪುಗಳು ನೂರು ಸಲ ಅಚ್ಚಾಗುತ್ತವೆ. ವಲಂಗಕರ್ ಅರ್ಜಿಯ ಕನ್ನಡ ಅನುವಾದ ಯಾವ ಹಳ್ಳಿ ಶಾಲೆಯ ಬೀರುವಿನಲ್ಲಿದೆ?

ಸಿಪಾಯಿ ಬರೆದದ್ದೂ ಇದೆಯಲ್ಲ ಅನ್ನಬಹುದು. ಹೌದು, ಸೀತಾರಾಮನ ‘ಫ್ರಮ್ ಸಿಪಾಯ್ ಟು ಸುಬೇದಾರ್’ ಇದೆ. 1873ರಲ್ಲಿ ನಾರ್ಗೇಟ್ ಎಂಬ ಅಧಿಕಾರಿಯ ಇಂಗ್ಲಿಷಿನಲ್ಲಿ ಬಂತು, 1970ರಲ್ಲಿ ಮತ್ತೆ ಅಚ್ಚಾಯಿತು. ಅದರ ಮೂಲ ಹಸ್ತಪ್ರತಿ ಸಿಕ್ಕಿಲ್ಲ, ಅದು ನಿಜಕ್ಕೂ ಸಿಪಾಯಿಯದೇ ಅಂತ ವಿದ್ವಾಂಸರಿಗೇ ಅನುಮಾನ. ಇರಲಿ, ಅವನದೇ ಅಂತ ಇಟ್ಟುಕೊಳ್ಳಿ. ಅವನು ಅವಧದ ಬ್ರಾಹ್ಮಣ. ಗಾಯಗೊಂಡು ಬಿದ್ದವನಿಗೆ ಕೀಳು ಜಾತಿಯ ಹುಡುಗಿಯೊಬ್ಬಳು ಕುಡಿಯಲು ಕೊಟ್ಟು ಜೀವ ಉಳಿಸುತ್ತಾಳೆ. ಆಮೇಲೆ ಅದಕ್ಕಾಗಿಯೇ ಅವನು ಜಾತಿಯಿಂದ ಹೊರಬೀಳುತ್ತಾನೆ, ದುಡ್ಡು ಸುರಿದು ಮತ್ತೆ ಒಳಗೆ ಸೇರುತ್ತಾನೆ. ಆ ಹುಡುಗಿ ಏನಾದಳು? ಅವಳ ನೆನಪಿನ ಪುಸ್ತಕವನ್ನ ಯಾರು ಅಚ್ಚು ಹಾಕುತ್ತಾರೆ?

ಮೂರನೇ ಪ್ರಶ್ನೆ ನಮಗೇ ಹತ್ತಿರದ್ದು: ಈ ಹಳೆಯ ಪುಸ್ತಕಗಳು ಇವತ್ತು ಯಾರ ಕೈಯಲ್ಲಿ ಆಯುಧವಾಗುತ್ತಿವೆ?

ಕರ್ನಾಟಕ ಸರ್ಕಾರ 2015ರಲ್ಲಿ ಟಿಪ್ಪು ಜಯಂತಿ ಶುರು ಮಾಡಿತು, 2019ರಲ್ಲಿ ಬಂದ ಸರ್ಕಾರ ನಿಲ್ಲಿಸಿತು. ಆ ಜಗಳದಲ್ಲಿ ಒಂದು ಕಡೆಯವರಿಗೆ ಬ್ರಿಸ್ಟೋ, ಸ್ಕರಿಯಂಥವರ ಸೆರೆಮನೆ ಕಥನಗಳು ವೇದವಾಕ್ಯ. ಇನ್ನೊಂದು ಕಡೆಯವರಿಗೆ ಅವೆಲ್ಲ ಪೂರ್ತಿ ಸುಳ್ಳು. ಎರಡೂ ಸೋಮಾರಿ ಓದು. ಆ ಸೆರೆಯಾಳುಗಳು ನೋವುಂಡದ್ದು ನಿಜ. ಬಲವಂತವಾಗಿ ಸುನ್ನತಿ ಮಾಡಿಸಿ ಅವರನ್ನು ಚೇಲಾ ಪಡೆಗೆ ಸೇರಿಸಿದ್ದೂ ನಿಜ. ಆ ನೋವನ್ನು ಕಂಪನಿ ತನ್ನ ಯುದ್ಧದ ಪ್ರಚಾರಕ್ಕೆ ಬಳಸಿಕೊಂಡದ್ದೂ ಅಷ್ಟೇ ನಿಜ. ಇದನ್ನೆಲ್ಲ ಹೇಳುವ ಒಂದು ಮುನ್ನುಡಿ ಇದ್ದರೆ ಓದುಗ ತಾನೇ ತೂಗಿ ನೋಡುತ್ತಾನೆ. ಮುನ್ನುಡಿ ಇಲ್ಲದ ಮರುಮುದ್ರಣ, ಒಂದು ಪುಟ ಹರಿದುಕೊಂಡು ಬೀದಿಯಲ್ಲಿ ಬೀಸಲು ಮಾತ್ರ ಅನುಕೂಲ. ಈ ಗದ್ದಲದಲ್ಲಿ ಸುಲ್ತಾನ ಇದ್ದಾನೆ, ಸಾಹೇಬ ಇದ್ದಾನೆ. ಎರಡೂ ದಂಡು ತುಳಿದುಕೊಂಡು ಹೋದ ಹೊಲದಲ್ಲಿ ಜೀತಕ್ಕಿದ್ದ ಹೊಲೆಯ ಮಾದಿಗರು ಮಾತ್ರ ಇಲ್ಲ.

ಇಂಗ್ಲಿಷರನ್ನು ಬೈದು ಕೈತೊಳೆದುಕೊಂಡರೆ ಆಗಲಿಲ್ಲ. ನಮ್ಮ ಕನ್ನಡದ ಐತಿಹಾಸಿಕ ಕಾದಂಬರಿಗಳೂ ಮತ್ತೆ ಮತ್ತೆ ಅಚ್ಚಾಗುತ್ತಿವೆ. ಗಳಗನಾಥರು ಕನ್ನಡಿಗರಿಗೆ ಓದುವ ಹುಚ್ಚು ಹಿಡಿಸಿದವರು, ಆ ಋಣ ದೊಡ್ಡದು. ತ.ರಾ.ಸು. ಅವರ ಚಿತ್ರದುರ್ಗದ ಕಾದಂಬರಿಗಳನ್ನು ಹಿಡಿದರೆ ಕೆಳಗಿಡಲಾಗುವುದಿಲ್ಲ. ‘ದುರ್ಗಾಸ್ತಮಾನ’ಕ್ಕೆ 1985ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಆದರೆ ಕೋಟೆ ಅಂದಾಕ್ಷಣ ಇವುಗಳ ಕಣ್ಣು ಅರಮನೆಯ ಕಡೆಗೇ ಹೋಗುತ್ತದೆ. ಒನಕೆ ಓಬವ್ವ ಕಹಳೆಯವನ ಹೆಂಡತಿ, ಛಲವಾದಿ ಹೆಣ್ಣುಮಗಳು. ಸರ್ಕಾರ 2021ರಿಂದ ನವೆಂಬರ್ 11ರಂದು ಅವಳ ಜಯಂತಿ ಮಾಡುತ್ತಿದೆ. ಅವಳ ಒನಕೆ ಎಲ್ಲರಿಗೂ ಗೊತ್ತು. ಅವಳ ಕೇರಿ ಎಷ್ಟು ಮಕ್ಕಳಿಗೆ ಗೊತ್ತು? ಆ ಕಿಂಡಿ ಕಾದವಳಿಗೆ ಊರೊಳಗಿನ ಬಾವಿಯಲ್ಲಿ ನೀರು ಸೇದುವ ಹಕ್ಕಿತ್ತೇ ಅಂತ ಯಾವ ಮರುಮುದ್ರಣದ ಮುನ್ನುಡಿ ಕೇಳಿದೆ?

ಹಾಗಾದರೆ ಏನು ಮಾಡಬೇಕು? ಪುಸ್ತಕದ ಒಂದು ಅಕ್ಷರವನ್ನೂ ಕತ್ತರಿಸಬೇಡಿ. ಅಸಹ್ಯ ಮಾತುಗಳನ್ನು ಅಳಿಸಿ ಮಕ್ಕಳಿಗೆ ಕೊಟ್ಟರೆ ಸಾಹೇಬನೂ ಒಳ್ಳೆಯವನಾಗಿ ಕಾಣುತ್ತಾನೆ, ಜಮೀನ್ದಾರನೂ ಒಳ್ಳೆಯವನಾಗುತ್ತಾನೆ. ಶೋಷಣೆ ಮಾಡಿದವನ ಬಾಯಿಂದ ಬಂದ ಸಾಕ್ಷಿಯನ್ನು ನಾವೇ ಯಾಕೆ ಅಳಿಸಬೇಕು? ಮೂಲ ಹಾಗೇ ಇರಲಿ. ಅದರ ಮುಂದೆ ಯಾವಾಗ, ಯಾರಿಗಾಗಿ, ಯಾರ ದುಡ್ಡಿನಲ್ಲಿ ಬರೆದದ್ದು ಅನ್ನೋ ನಾಲ್ಕು ಪುಟ ಇರಲಿ. ಅದರ ಪಕ್ಕದಲ್ಲಿ ಕೆಳಗಿನವರ ನೆನಪಿನ ಪುಸ್ತಕ ಒಂದು ಇರಲಿ.

ಅಂಥ ಪುಸ್ತಕ ಎಲ್ಲಿದೆ ಅಂತೀರಾ? 1857ರಲ್ಲಿ ಆಯುಧ ಒಪ್ಪಿಸಲು ಒಪ್ಪದೆ ಬಂಡೆದ್ದ ಹಲಗಲಿಯ ಬೇಡರ ಮೇಲೆ, ಸಂಗೊಳ್ಳಿ ರಾಯಣ್ಣನ ಮೇಲೆ ನಮ್ಮ ಜನ ಲಾವಣಿ ಕಟ್ಟಿ ಹಾಡಿದರು. ಅವನ್ನು ಬರೆದುಕೊಂಡು 1880ರ ದಶಕದಲ್ಲಿ ಅಚ್ಚು ಹಾಕಿದವನು ಫ್ಲೀಟ್ ಅನ್ನೋ ಇಂಗ್ಲಿಷ್ ಅಧಿಕಾರಿ. ನಮ್ಮ ಪಂಡಿತರು ಆಗ ತಾಳೆಗರಿಯಲ್ಲಿ ರಾಜರ ವಂಶಾವಳಿ ಹುಡುಕುತ್ತಿದ್ದರು. ಯುದ್ಧದ ನೆನಪು ಅಂದರೆ ಸಾಹೇಬನ ಡೈರಿ ಒಂದೇ ಅಲ್ಲ. ಲಾವಣಿ ಒಂದು ನೆನಪು, ವಲಂಗಕರ್ ಅರ್ಜಿ ಒಂದು ನೆನಪು, ಕೋರೆಗಾಂವ್ ಕಂಬದ 22 ಹೆಸರು ಒಂದು ನೆನಪು.

ಹಳ್ಳಿ ಶಾಲೆಯ ಮೇಷ್ಟ್ರುಗಳಿಗೆ ಒಂದು ಮಾತು. ಮಕ್ಕಳು ಸಾಹಸದ ಕತೆ ಕೇಳಲಿ, ತಡೆಯಬೇಡಿ. ಕುದುರೆ ಓಡಲಿ, ಕೋಟೆ ಬೀಳಲಿ. ಕತೆ ಮುಗಿದ ಮೇಲೆ ಮೂರು ಪ್ರಶ್ನೆ ಕೇಳಿ: ಈ ಕುದುರೆಗೆ ಹುಲ್ಲು ತಂದವರು ಯಾರು? ಸತ್ತವರಲ್ಲಿ ಯಾರ ಹೆಸರಿದೆ, ಯಾರ ಹೆಸರಿಲ್ಲ? ಗೆದ್ದ ಮೇಲೆ ಭೂಮಿ ಯಾರಿಗೆ ಹೋಯಿತು? ಇಷ್ಟು ಕೇಳಿದರೆ ಹೆಂಟಿಯ ಪುಸ್ತಕವೂ ಮಕ್ಕಳಿಗೆ ಒಳ್ಳೆಯ ಪಾಠವಾಗುತ್ತೆ.

ಕಾರ್ಯಕರ್ತ ಗೆಳೆಯರಿಗೆ ಇನ್ನೊಂದು ಮಾತು. ನಮ್ಮ ಕೇರಿಗಳಿಂದ, ತಾಂಡಾಗಳಿಂದ ಸೈನ್ಯಕ್ಕೆ ಹೋಗಿ ಬಂದ ಹಿರಿಯರಿದ್ದಾರೆ. 1965, 1971ರ ಯುದ್ಧ ಕಂಡವರು ಇನ್ನೂ ಕೆಲವರು ಉಳಿದಿದ್ದಾರೆ. ಗಡಿಯಲ್ಲಿ ಗುಂಡಿಗೆ ಎದೆ ಕೊಟ್ಟು ಬಂದವನಿಗೆ ಊರ ಹೋಟೆಲಿನಲ್ಲಿ ಯಾವ ಲೋಟ ಕೊಟ್ಟರು ಅನ್ನೋದು ಯಾವ ಸೇನಾಪತಿಯ ಪುಸ್ತಕದಲ್ಲೂ ಬರುವುದಿಲ್ಲ. ಒಂದು ನೋಟ್‌ಬುಕ್ ತಗೊಂಡು ಅವರ ಹತ್ತಿರ ಹೋಗಿ ಕೂತುಕೊಳ್ಳಿ. ಅವರ ಮಾತಿನಲ್ಲೇ ಬರೆದುಕೊಳ್ಳಿ, ತಿದ್ದಬೇಡಿ. ಬರೆದದ್ದನ್ನ ಇಂಥ ಸಣ್ಣ ಪತ್ರಿಕೆಗಳಿಗೆ ಕಳಿಸಿ. ಹಳೆಯದನ್ನು ಮರುಮುದ್ರಿಸಲು ದೊಡ್ಡ ಪ್ರಕಾಶಕರಿದ್ದಾರೆ. ಇದುವರೆಗೆ ಒಮ್ಮೆಯೂ ಅಚ್ಚಾಗದ್ದನ್ನು ಅಚ್ಚು ಹಾಕುವ ಕೆಲಸ ನಮ್ಮದು.