ನಾಲ್ಕು ಪ್ರತಿಗಳ ಲೆಕ್ಕ

ಕಲ್ಕತ್ತೆಯ ರಾಷ್ಟ್ರೀಯ ಗ್ರಂಥಾಲಯದ ಕಥೆ ಹೇಳುವವರು ಸಾಮಾನ್ಯವಾಗಿ ಲಾರ್ಡ್ ಕರ್ಜನ್‌ನಿಂದ ಹೊರಡುತ್ತಾರೆ. ಇದು ನನಗೆ ಒಪ್ಪಿಗೆಯಿಲ್ಲ. 1836ರಲ್ಲೇ ಅಲ್ಲಿ ಕಲ್ಕತ್ತಾ ಪಬ್ಲಿಕ್ ಲೈಬ್ರರಿ ಹುಟ್ಟಿತ್ತು. ಅದು ಸರಕಾರ ಕಟ್ಟಿದ್ದಲ್ಲ, ಊರ ಮಂದಿ ಹಣ ಹಾಕಿ ಕಟ್ಟಿದ್ದು. ದ್ವಾರಕಾನಾಥ ಠಾಕೂರರು ಅದರ ಮೊದಲ ಪಾಲುದಾರರು. ಸರಕಾರದ ಇಂಪೀರಿಯಲ್ ಲೈಬ್ರರಿ ಬಂದದ್ದು 1891ರಲ್ಲಿ, ಅದೂ ಮುಖ್ಯವಾಗಿ ಅಧಿಕಾರಿಗಳ ಉಪಯೋಗಕ್ಕೆ. ಕರ್ಜನ್ ಎರಡನ್ನೂ ಕೂಡಿಸಿ 1903ರಲ್ಲಿ ಮೆಟ್‌ಕಾಫ್ ಹಾಲಿನಲ್ಲಿ ಬಾಗಿಲು ತೆರೆಸಿದ, ಅಷ್ಟೆ. 1948ರಲ್ಲಿ ಹೆಸರು ಬದಲಾಯಿತು. 1953ರಲ್ಲಿ ಮೌಲಾನಾ ಆಜಾದರು ಬೆಲ್ವೆಡೇರ್ ಭವನದಲ್ಲಿ ಅದನ್ನು ಸಾರ್ವಜನಿಕರಿಗೆ ತೆರೆದರು. ಆಗ ಅದರ ಹೊಣೆ ಹೊತ್ತಿದ್ದವರು ಬಿ. ಎಸ್. ಕೇಶವನ್, ಅಂದರೆ ಬಳ್ಳಾರಿ ಶಾಮಣ್ಣ ಕೇಶವನ್. ಹೆಸರು ಕೇಳಿದರೇ ನಮ್ಮ ಕಡೆಯವರೆನಿಸುತ್ತದೆ, ಅಲ್ಲವೇ?

ಗ್ರಂಥಾಲಯಕ್ಕೆ ನಿಜವಾದ ಬಲ ಬಂದದ್ದು ಕಟ್ಟಡದಿಂದಲ್ಲ, 1954ರ ಕಾಯಿದೆಯಿಂದ. ಪ್ರಕಾಶಕನು ಪುಸ್ತಕ ಹೊರಬಂದ 30 ದಿನಗಳೊಳಗೆ ತನ್ನ ಖರ್ಚಿನಲ್ಲೇ ಒಂದು ಪ್ರತಿಯನ್ನು ಕಲ್ಕತ್ತೆಗೆ ಕಳುಹಿಸಬೇಕು. ಅದೂ ಎಂಥದು? ಒಳ್ಳೆಯ ಕಾಗದದ್ದು, ಹೊಲಿದು ರಟ್ಟು ಕಟ್ಟಿದ್ದು. ಇನ್ನು ಮದ್ರಾಸಿನ ಕನ್ನೆಮರಾ, ಮುಂಬಯಿ ಮತ್ತು ದೆಹಲಿಗೆ ಒಂದೊಂದು. ತಪ್ಪಿದರೆ ಆ ಕಾಯಿದೆ ಇಟ್ಟ ದಂಡ 50 ರೂಪಾಯಿಯವರೆಗೆ, ಜತೆಗೆ ಪುಸ್ತಕದ ಬೆಲೆ. ಇಂಥ ದಂಡಕ್ಕೆ ಹೆದರುವವರು ಯಾರು?

ನಮ್ಮೂರಿನ ಹಿರಿಯರೊಬ್ಬರು ಸೋಬಾನೆ ಪದಗಳನ್ನು ಕೂಡಿಹಾಕಿ, ಬಳೆ ಅಡವಿಟ್ಟು 500 ಪ್ರತಿ ಅಚ್ಚು ಹಾಕಿಸಿದರು. ಹೀಗೊಂದು ಕಾಯಿದೆಯಿದೆ ಎಂದು ಅಚ್ಚುಕೂಟದವರೂ ಹೇಳಲಿಲ್ಲ, ಅಕ್ಕನಿಗೂ ಗೊತ್ತಿರಲಿಲ್ಲ. ಹಾಡಿದ ಮುದುಕಿಯರು ಈಗಿಲ್ಲ. ನನ್ನ ಕಪಾಟಿನಲ್ಲಿರುವ ಪ್ರತಿಯ ಅಂಚನ್ನು ಗೆದ್ದಲು ಹಿಡಿದಿದೆ. ಸರಕಾರ ಕೇಳಿದ್ದು ನಾಲ್ಕೇ ಪ್ರತಿ, ನಿಜ. ಆದರೆ ಆ ನಾಲ್ಕರಲ್ಲಿ ಒಂದೂ ಕನ್ನಡನಾಡಿನಲ್ಲಿ ಉಳಿಯುವಂತಿಲ್ಲ. ಅಂಚೆ ವೆಚ್ಚ ಬಡ ಪ್ರಕಾಶಕನದು. ಓದಬೇಕೆಂದರೆ ಎರಡು ರಾತ್ರಿ ರೈಲಿನಲ್ಲಿ ಕೂರಬೇಕು.

ಇನ್ನೊಂದು ಮಾತು. ಕೇಶವನ್ನರು ಶುರುಮಾಡಿದ ರಾಷ್ಟ್ರೀಯ ಗ್ರಂಥಸೂಚಿ ದೊಡ್ಡ ಕೆಲಸವೇ. ಆದರೆ ಅದರಲ್ಲಿ ಕನ್ನಡ ಪುಸ್ತಕಗಳ ಹೆಸರೂ ರೋಮನ್ ಲಿಪಿಯಲ್ಲಿ, ಅಕ್ಷರದ ಮೇಲೊಂದು ಗೆರೆ, ಕೆಳಗೊಂದು ಚುಕ್ಕೆ. ಎಲ್ಲ ಭಾಷೆಗಳೂ ಒಂದೇ ಸಾಲಿನಲ್ಲಿ ನಿಲ್ಲಲಿ ಎಂಬ ಉದ್ದೇಶ ಸರಿಯಾದದ್ದು. ಆದರೂ ಆ ಅಕ್ಕ ತಮ್ಮ ಪುಸ್ತಕವನ್ನು ಅಲ್ಲಿ ಹುಡುಕಲು ಹೊರಟಿದ್ದರೆ ತಮ್ಮ ಹೆಸರನ್ನೇ ಗುರುತಿಸುತ್ತಿರಲಿಲ್ಲ. ಅವರು ಓದಿದ್ದು ನಾಲ್ಕನೇ ಇಯತ್ತೆ, ಅದೂ ಕನ್ನಡ ಸಾಲೆಯಲ್ಲಿ.