ಓಡಿದರೆ ತೂಕ ಬದಲಾಗಬೇಕಿತ್ತು: ‘2001’ ಚಿತ್ರದ ಕೃತಕ ಗುರುತ್ವ

ಬಾಹ್ಯಾಕಾಶದಲ್ಲಿ ಕೃತಕ ಗುರುತ್ವವನ್ನು ಉಂಟುಮಾಡುವುದು ಹೇಗೆ ಎಂಬ ಪ್ರಶ್ನೆ ತರಗತಿಯಲ್ಲಿ ಬಂದಾಗ ಅಧ್ಯಾಪಕರು ಒಂದು ಚಲನಚಿತ್ರವನ್ನು ಹೆಸರಿಸುವುದುಂಟು. ಅದು ಸ್ಟ್ಯಾನ್ಲಿ ಕುಬ್ರಿಕ್ ನಿರ್ದೇಶಿಸಿದ, 1968ರಲ್ಲಿ ತೆರೆಕಂಡ ‘2001: ಎ ಸ್ಪೇಸ್ ಒಡಿಸಿ’. ಕುಬ್ರಿಕ್ ಜೊತೆಗೂಡಿ ಇದರ ಚಿತ್ರಕಥೆ ಬರೆದವರು ಆರ್ಥರ್ ಸಿ. ಕ್ಲಾರ್ಕ್. ಅದೇ ಹೆಸರಿನ ಅವರ ಕಾದಂಬರಿಯೂ ಅದೇ ವರ್ಷ ಪ್ರಕಟವಾಯಿತು. ಮನುಷ್ಯ ಚಂದ್ರನ ಮೇಲೆ ಕಾಲಿಡುವ ಮುಂಚೆಯೇ ತಯಾರಾದ ಈ ಚಿತ್ರವನ್ನು ವೈಜ್ಞಾನಿಕ ನಿಖರತೆಗೆ ಮಾದರಿ ಎಂದು ಇಂದಿಗೂ ಹೊಗಳಲಾಗುತ್ತದೆ. ಹೊಗಳಿಕೆ ಬಹುಮಟ್ಟಿಗೆ ನ್ಯಾಯವಾದದ್ದೇ. ಆದರೆ ಕೃತಕ ಗುರುತ್ವದ ವಿಷಯದಲ್ಲಿ ಚಿತ್ರ ಅರ್ಧ ಪಾಠವನ್ನು ಮಾತ್ರ ಹೇಳುತ್ತದೆ. ಉಳಿದರ್ಧವನ್ನು ನಾವು ಲೆಕ್ಕ ಹಾಕಿ ತಿಳಿಯಬೇಕು.

ಚಿತ್ರ ಸರಿಯಾಗಿ ತೋರಿಸಿದ್ದು

ಮೊದಲು ತತ್ತ್ವವನ್ನು ನೆನಪಿಸಿಕೊಳ್ಳಿ. ಸುಮಾರು 400 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಬಾಹ್ಯಾಕಾಶ ನಿಲ್ದಾಣದಲ್ಲಿ ಭೂಮಿಯ ಗುರುತ್ವ ಇಲ್ಲವೆಂದಲ್ಲ. ನೆಲದ ಮೇಲಿರುವುದರ ಸುಮಾರು ಶೇಕಡಾ 89ರಷ್ಟು ಅಲ್ಲಿಯೂ ಇದೆ. ನಿಲ್ದಾಣವೂ ಅದರೊಳಗಿನವರೂ ಒಟ್ಟಿಗೆ ಭೂಮಿಯ ಕಡೆಗೆ ಬೀಳುತ್ತಲೇ ಇರುವುದರಿಂದ ನೆಲ ಕಾಲನ್ನು ಒತ್ತುವುದಿಲ್ಲ. ತೂಕದ ಅನುಭವ ಎಂದರೆ ನೆಲ ನಮ್ಮನ್ನು ಒತ್ತುವ ಅನುಭವ. ಆ ಒತ್ತಡವನ್ನು ಬೇರೊಂದು ಬಗೆಯಿಂದ ತಂದುಕೊಟ್ಟರೆ ಅದೇ ಕೃತಕ ಗುರುತ್ವ.

ಜಾತ್ರೆಯ ‘ಸಾವಿನ ಬಾವಿ’ಯಲ್ಲಿ ಬೈಕ್ ಓಡಿಸುವವನನ್ನು ನೀವು ನೋಡಿರಬಹುದು. ನೆಟ್ಟಗೆ ನಿಂತ ಹಲಗೆಗೋಡೆಯ ಮೇಲೆ ಅವನು ಬೀಳದೆ ಸುತ್ತುತ್ತಾನೆ. ಬೈಕ್ ಜಡತೆಯಿಂದಾಗಿ ನೇರ ಹೋಗಬೇಕೆನ್ನುತ್ತದೆ, ಗೋಡೆ ಅದನ್ನು ಕ್ಷಣಕ್ಷಣವೂ ಒಳಕ್ಕೆ ತಿರುಗಿಸುತ್ತದೆ. ಆ ಒತ್ತಡದಿಂದ ದೊರೆಯುವ ಘರ್ಷಣೆಯೇ ಅವನನ್ನು ಜಾರಗೊಡುವುದಿಲ್ಲ. ಇಲ್ಲಿ ಬೈಕಿನ ಬದಲು ಬಾವಿಯನ್ನೇ ತಿರುಗಿಸಿದರೆ? ಗೋಡೆಗೆ ಕಾಲೂರಿ ನಿಂತವನಿಗೆ ಗೋಡೆಯೇ ನೆಲವಾಗುತ್ತದೆ. ಹೀಗೆ ದೊರೆಯುವ ವೇಗೋತ್ಕರ್ಷ ವೇಗದ ವರ್ಗವನ್ನು ತ್ರಿಜ್ಯದಿಂದ ಭಾಗಿಸಿದಷ್ಟು.

ಚಿತ್ರದಲ್ಲಿ ಚಕ್ರಾಕಾರದ ನಿಲ್ದಾಣವೊಂದು ವಾಲ್ಟ್ಜ್ ಸಂಗೀತಕ್ಕೆ ತಕ್ಕಂತೆ ನಿಧಾನವಾಗಿ ತಿರುಗುತ್ತದೆ. ಅದರ ವ್ಯಾಸ 300 ಮೀಟರ್, ಸುತ್ತಿಗೆ ಒಂದು ನಿಮಿಷ ಎಂದಿಟ್ಟುಕೊಳ್ಳಿ. ಪರಿಧಿಯ ವೇಗ ಸೆಕೆಂಡಿಗೆ 15.7 ಮೀಟರ್ ಆಗುತ್ತದೆ. ವೇಗೋತ್ಕರ್ಷ ಸೆಕೆಂಡ್ ವರ್ಗಕ್ಕೆ 1.64 ಮೀಟರ್. ಇದು ಚಂದ್ರನ ಮೇಲಿನ ಗುರುತ್ವಕ್ಕೆ ಸಮ. ಅಲ್ಲಿಗೆ ಬರುವ ನೌಕೆ ನಿಲ್ದಾಣದ ಅಕ್ಷದ ನೇರಕ್ಕೆ ಬಂದು, ತಾನೂ ಅಷ್ಟೇ ವೇಗದಲ್ಲಿ ತಿರುಗಿ, ನಂತರ ಒಳಸೇರುತ್ತದೆ. ಇಷ್ಟು ಎಚ್ಚರಿಕೆ ಇತ್ತೀಚಿನ ಅನೇಕ ಚಿತ್ರಗಳಲ್ಲಿಯೂ ಕಾಣಸಿಗದು.

ಚಿಕ್ಕ ಪೀಪಾಯಿಯ ದೊಡ್ಡ ತೊಡಕು

ತೊಡಕು ಆರಂಭವಾಗುವುದು ಗುರುಗ್ರಹದತ್ತ ಹೊರಟ ‘ಡಿಸ್ಕವರಿ’ ನೌಕೆಯೊಳಗೆ. ಅಲ್ಲಿ ಇಡೀ ನೌಕೆ ತಿರುಗುವುದಿಲ್ಲ. ಒಳಗಿನ ಪೀಪಾಯಿಯೊಂದು ಮಾತ್ರ ತಿರುಗುತ್ತದೆ. ಕ್ಲಾರ್ಕ್ ಕಾದಂಬರಿಯಲ್ಲಿ ಕೊಟ್ಟಿರುವ ಅಳತೆ ಹೀಗಿದೆ: ವ್ಯಾಸ 35 ಅಡಿ, ಸುತ್ತಿಗೆ 10 ಸೆಕೆಂಡ್, ಗುರುತ್ವ ಚಂದ್ರನಷ್ಟು. ಲೆಕ್ಕ ಹಾಕಿ ನೋಡಿ. ತ್ರಿಜ್ಯ 5.33 ಮೀಟರ್, ಪರಿಧಿಯ ವೇಗ ಸೆಕೆಂಡಿಗೆ 3.35 ಮೀಟರ್, ವೇಗೋತ್ಕರ್ಷ 2.1. ಚಂದ್ರನ 1.62ಕ್ಕಿಂತ ತುಸು ಹೆಚ್ಚು, ಅಷ್ಟೆ. ಕಾದಂಬರಿಕಾರರಿಗೆ ಇಷ್ಟು ರಿಯಾಯಿತಿ ಕೊಡಬಹುದು.

ಈಗ ಚಿತ್ರದ ಪ್ರಸಿದ್ಧ ದೃಶ್ಯಕ್ಕೆ ಬನ್ನಿ. ಗಗನಯಾತ್ರಿ ಫ್ರಾಂಕ್ ಪೂಲ್ ಪೀಪಾಯಿಯ ಒಳಮೈ ಮೇಲೆ ಸುತ್ತು ಸುತ್ತು ಓಡುತ್ತಾನೆ, ಗಾಳಿಗೆ ಗುದ್ದು ಹಾಕುತ್ತಾ ವ್ಯಾಯಾಮ ಮಾಡುತ್ತಾನೆ. ಅವನ ಓಟ ಸೆಕೆಂಡಿಗೆ 3 ಮೀಟರ್ ಎನ್ನೋಣ. ನಿಧಾನ ಓಟಕ್ಕೆ ಇದು ಸಹಜ ವೇಗ. ಪೀಪಾಯಿ ತಿರುಗುವ ದಿಕ್ಕಿನಲ್ಲೇ ಓಡಿದರೆ ಅವನ ನಿಜವಾದ ವೇಗ 3.35ಕ್ಕೆ 3 ಸೇರಿ 6.35 ಮೀಟರ್. ವರ್ಗ ಮಾಡಿ ತ್ರಿಜ್ಯದಿಂದ ಭಾಗಿಸಿದರೆ 7.6 ಬರುತ್ತದೆ. ಅಂದರೆ ಭೂಮಿಯ ಮೇಲಿನ ತೂಕದ ಮುಕ್ಕಾಲು ಪಾಲು. ವಿರುದ್ಧ ದಿಕ್ಕಿನಲ್ಲಿ ಓಡಿದರೆ ಉಳಿಯುವ ವೇಗ 0.35 ಮೀಟರ್ ಮಾತ್ರ. ಭೂಮಿಯ ಮೇಲೆ 60 ಕಿಲೋ ತೂಗುವವನು ಪೀಪಾಯಿಯಲ್ಲಿ ಸುಮ್ಮನೆ ನಿಂತಾಗ ತೂಕದ ಯಂತ್ರ 13 ಕಿಲೋ ತೋರಿಸುತ್ತದೆ. ತಿರುಗುವ ದಿಕ್ಕಿನಲ್ಲಿ ಓಡುವಾಗ ಅದು 46 ಕಿಲೋ. ಎದುರು ದಿಕ್ಕಿನಲ್ಲಿ 150 ಗ್ರಾಂ ಕೂಡ ಇಲ್ಲ! ಆ ವೇಗ ತಲುಪುವ ಮುಂಚೆಯೇ ಅವನ ಕಾಲು ನೆಲದ ಹಿಡಿತ ಕಳೆದುಕೊಂಡು, ಅವನು ತೇಲಲಾರಂಭಿಸುತ್ತಾನೆ. ಕಾಲು ಮತ್ತು ತಲೆಯ ನಡುವಿನ ವ್ಯತ್ಯಾಸವನ್ನು ಬಿಟ್ಟು ಹಾಕಿದ ಸರಳ ಲೆಕ್ಕ ಇದು. ಆದರೂ ಮುಖ್ಯ ಅಂಶ ಬದಲಾಗುವುದಿಲ್ಲ.

ಚಿತ್ರದ ಓಟದಲ್ಲಿ ಇವೆರಡೂ ಕಾಣುವುದಿಲ್ಲ. ಕಾರಣ ಸರಳ. ಚಿತ್ರೀಕರಣಕ್ಕೆಂದು ಸುಮಾರು 38 ಅಡಿ ವ್ಯಾಸದ ಚಕ್ರವನ್ನು ನಿಜವಾಗಿಯೂ ಕಟ್ಟಿ ತಿರುಗಿಸಿದ್ದರು. ನಟ ಯಾವಾಗಲೂ ಅದರ ತಳದಲ್ಲೇ ಓಡುತ್ತಿದ್ದ. ಅವನನ್ನು ಎಳೆಯುತ್ತಿದ್ದದ್ದು ಭೂಮಿ. ಪೂರ್ಣ ತೂಕದ ಓಟವನ್ನು ನಾವು ಚಂದ್ರನ ತೂಕದ ಓಟವೆಂದು ನೋಡುತ್ತಿದ್ದೇವೆ.

ಇದಕ್ಕೆ ಕೈಗನ್ನಡಿಯಂಥ ನಿಜಘಟನೆಯೊಂದಿದೆ. 1973ರಲ್ಲಿ ಸ್ಕೈಲ್ಯಾಬ್ ನಿಲ್ದಾಣದ ಯಾತ್ರಿಗಳು ಅದರ ದುಂಡನೆಯ ಒಳಗೋಡೆಯ ಮೇಲೆ ಸುತ್ತ ಓಡಿದರು. ಆ ಗೋಡೆ ತಿರುಗುತ್ತಿರಲಿಲ್ಲ. ಓಡುತ್ತಿರುವಷ್ಟು ಹೊತ್ತು ಅವರಿಗೆ ತೂಕವಿತ್ತು. ಚಿಕ್ಕ ಪೀಪಾಯಿಯಲ್ಲಿ ತೂಕವನ್ನು ನಿರ್ಧರಿಸುವುದರಲ್ಲಿ ನಮ್ಮ ಓಟದ್ದೂ ಪಾಲಿದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಡ.

ಇನ್ನೊಂದು ಪರೀಕ್ಷೆ ಮಾಡಿ. ಪೀಪಾಯಿಯ ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿ ಚೆಂಡೊಂದನ್ನು ಕೈಬಿಡಿ. ಬಿಟ್ಟ ಕ್ಷಣದಿಂದ ಅದರ ಮೇಲೆ ಯಾವ ಬಲವೂ ಇಲ್ಲ. ಅದು ಸರಳರೇಖೆಯಲ್ಲಿ ಹೋಗುತ್ತದೆ, ನೆಲ ತಿರುಗಿ ಬಂದು ಅದಕ್ಕೆ ತಗಲುತ್ತದೆ. ಕಾಗದದ ಮೇಲೆ ವೃತ್ತ ಬರೆದು ಅಳೆದರೆ, ಚೆಂಡು ನಿಮ್ಮ ಕಾಲಬುಡದಲ್ಲಿ ಬೀಳದೆ ಒಂದು ಮೀಟರಿಗಿಂತ ತುಸು ಹೆಚ್ಚು ದೂರ ಹಿಂದೆ ಬೀಳುವುದು ಗೊತ್ತಾಗುತ್ತದೆ. 300 ಮೀಟರ್ ವ್ಯಾಸದ ನಿಲ್ದಾಣದಲ್ಲಿ ಇದೇ ಅಂತರ ಸುಮಾರು 14 ಸೆಂಟಿಮೀಟರ್. ಪೀಪಾಯಿಯನ್ನು ಇನ್ನಷ್ಟು ಜೋರಾಗಿ ತಿರುಗಿಸಿದರೂ ಚೆಂಡು ಬೀಳುವ ಜಾಗ ಬದಲಾಗುವುದಿಲ್ಲ, ಏಕೆಂದರೆ ಚೆಂಡಿನ ವೇಗವೂ ಅದೇ ಪ್ರಮಾಣದಲ್ಲಿ ಹೆಚ್ಚುತ್ತದೆ. ದಾರಿತಪ್ಪುವಿಕೆಯನ್ನು ತಗ್ಗಿಸುವುದು ತ್ರಿಜ್ಯ ಒಂದೇ. ಡೇವ್ ಬೌಮನ್ ಏಣಿಯಿಂದ ನಿರಾಯಾಸವಾಗಿ ಇಳಿದು ಬರುವ ದೃಶ್ಯವನ್ನೂ ಹೀಗೆಯೇ ಪರೀಕ್ಷಿಸಬಹುದು. ಅವನು ಸೆಕೆಂಡಿಗೆ ಅರ್ಧ ಮೀಟರಿನಂತೆ ಇಳಿದರೆ, ಕೊರಿಯೋಲಿಸ್ ಪರಿಣಾಮ ಅವನನ್ನು ಪಕ್ಕಕ್ಕೆ ತಳ್ಳುವ ಬಲ ನೆಲದ ಮೇಲಿನ ತೂಕದ ಸುಮಾರು ಶೇಕಡಾ 30ರಷ್ಟಿರುತ್ತದೆ.

ಕಿವಿಯ ತಕರಾರು

ನಮ್ಮ ಒಳಕಿವಿಯ ಅರ್ಧವೃತ್ತಾಕಾರದ ನಾಳಗಳು ತಲೆಯ ತಿರುಗುವಿಕೆಯನ್ನು ಗುರುತಿಸುತ್ತವೆ. ತಿರುಗುವ ಕೋಣೆಯಲ್ಲಿ ತಲೆಯನ್ನು ಪಕ್ಕಕ್ಕೆ ಬಾಗಿಸಿದರೆ ಆಗದ ಚಲನೆಯೊಂದನ್ನು ಅವು ವರದಿ ಮಾಡುತ್ತವೆ. ತಲೆಸುತ್ತು, ವಾಕರಿಕೆ ಬರುತ್ತದೆ. ಅಮೆರಿಕದ ನೌಕಾಪಡೆಗಾಗಿ ಆಷ್ಟನ್ ಗ್ರೇಬಿಯಲ್ ಮತ್ತು ಅವರ ಸಂಗಡಿಗರು 1950ರ ದಶಕದ ಕೊನೆಯಿಂದ ಪೆನ್ಸಕೋಲಾದ ತಿರುಗುವ ಕೋಣೆಯಲ್ಲಿ ಇದನ್ನು ಅಭ್ಯಸಿಸಿದ್ದರು. ನಿಮಿಷಕ್ಕೆ ಒಂದು ಸುತ್ತು ಯಾರನ್ನೂ ಹೆಚ್ಚು ಕಾಡಲಿಲ್ಲ. 10 ಸುತ್ತಿಗೆ ಬಹುತೇಕರು ಬಳಲಿದರು. ವೇಗವನ್ನು ಹಂತಹಂತವಾಗಿ ಏರಿಸಿದರೆ ದೇಹ ಹೊಂದಿಕೊಳ್ಳುತ್ತದೆಂದೂ ಮುಂದಿನ ಪ್ರಯೋಗಗಳು ತೋರಿಸಿದವು. ‘ಡಿಸ್ಕವರಿ’ಯದು ನಿಮಿಷಕ್ಕೆ 6 ಸುತ್ತು. ಬೌಮನ್ ಮತ್ತು ಪೂಲ್ ಅದಕ್ಕೆ ಒಗ್ಗಿಹೋಗಿದ್ದಾರೆ ಎಂದು ವಾದಿಸಬಹುದು. ಆದರೆ ಅವರು ಪೀಪಾಯಿಯಿಂದ ತಿರುಗದ ಭಾಗಕ್ಕೆ ಮತ್ತೆ ಮತ್ತೆ ಓಡಾಡುತ್ತಾರೆ. ಒಮ್ಮೆಯೂ ಗೋಡೆ ಹಿಡಿದು ನಿಲ್ಲದಿರುವುದು ನಂಬಲು ಕಷ್ಟ.

ಇನ್ನೂ ಬಾರದ ಉತ್ತರ

ಇದು ಸಿನಿಮಾದ ತಪ್ಪು ಹುಡುಕುವ ಆಟ ಮಾತ್ರವಲ್ಲ. ತೂಕವಿಲ್ಲದ ಸ್ಥಿತಿಯಲ್ಲಿ ಗಗನಯಾತ್ರಿಗಳ ಸೊಂಟದ ಮೂಳೆ ತಿಂಗಳಿಗೆ ಶೇಕಡಾ 1ರಿಂದ 1.5ರಷ್ಟು ಸವೆಯಬಹುದು. ಇದನ್ನು ತಡೆಯಲೆಂದೇ ಅವರು ದಿನಕ್ಕೆ ಎರಡು ಗಂಟೆಯಷ್ಟು ವ್ಯಾಯಾಮಕ್ಕೆ ಮೀಸಲಿಡುತ್ತಾರೆ. ಮಂಗಳಕ್ಕೆ ಹೋಗುವವರಿಗೆ ಎಷ್ಟು ಗುರುತ್ವ ಸಾಕು? ಚಿತ್ರ ಕೊಡುವ ಉತ್ತರ ಚಂದ್ರನಷ್ಟು. ಅದು ಸರಿಯೇ ಎಂಬುದು ಮನುಷ್ಯರ ಮಟ್ಟಿಗೆ ಇನ್ನೂ ತಿಳಿದಿಲ್ಲ.

ನಡೆದಿರುವ ಪ್ರಯೋಗಗಳು ಕೆಲವೇ. 1966ರಲ್ಲಿ ಜೆಮಿನಿ 11 ನೌಕೆಯನ್ನು ಅಜೀನಾ ನೌಕೆಗೆ 30 ಮೀಟರಿನ ಪಟ್ಟಿಯಿಂದ ಕಟ್ಟಿ ನಿಧಾನವಾಗಿ ತಿರುಗಿಸಿದಾಗ ದೊರೆತ ಗುರುತ್ವ ಯಾತ್ರಿಗಳಿಗೆ ಅರಿವಾಗದಷ್ಟು ಅಲ್ಪ. 1977ರಲ್ಲಿ ಸೋವಿಯತ್ ಒಕ್ಕೂಟದ ಕಾಸ್ಮೋಸ್ 936 ಉಪಗ್ರಹದಲ್ಲಿ ಇಲಿಗಳನ್ನು ತಿರುಗುವ ಯಂತ್ರದಲ್ಲಿ ಇಡಲಾಯಿತು. ಅಂತರರಾಷ್ಟ್ರೀಯ ನಿಲ್ದಾಣಕ್ಕೆಂದು ಜಪಾನ್ ಸಿದ್ಧಪಡಿಸುತ್ತಿದ್ದ ದೊಡ್ಡ ತಿರುಗುಯಂತ್ರದ ಘಟಕ 2005ರಲ್ಲಿ ರದ್ದಾಯಿತು. 2016ರಲ್ಲಿ ಅದೇ ನಿಲ್ದಾಣದ ಕಿಬೋ ಘಟಕದಲ್ಲಿ, ಚಿಕ್ಕ ಯಂತ್ರದಲ್ಲಿ ಭೂಮಿಯಷ್ಟೇ ಗುರುತ್ವ ಪಡೆದ ಇಲಿಗಳ ಮೂಳೆ ಮತ್ತು ಸ್ನಾಯು ಉಳಿದವು. ತೇಲುತ್ತಿದ್ದ ಇಲಿಗಳದು ಕ್ಷೀಣಿಸಿತು. ಚಂದ್ರನಷ್ಟು ಗುರುತ್ವ ಕೊಟ್ಟು ನೋಡಿದ ಪ್ರಯೋಗದ ಫಲಿತಾಂಶ 2023ರಲ್ಲಿ ಪ್ರಕಟವಾಯಿತು: ಮೀನಖಂಡದ ಸ್ನಾಯು ಕರಗುವುದು ತಪ್ಪಿತು, ಆದರೆ ಸ್ನಾಯುತಂತುಗಳ ಬಗೆ ಬದಲಾಗುವುದು ತಪ್ಪಲಿಲ್ಲ. ಕ್ಲಾರ್ಕ್ ಅವರ ಊಹೆಗೆ ಸಿಕ್ಕಿದ್ದು ಅರ್ಧ ಅಂಕ.

ಪೂರ್ಣ ಗುರುತ್ವ ಬೇಕೆಂದಾದರೆ ಅಳತೆ ದೊಡ್ಡದಾಗುತ್ತದೆ. ನಿಮಿಷಕ್ಕೆ 6 ಸುತ್ತಾದರೆ ತ್ರಿಜ್ಯ 25 ಮೀಟರ್, 4 ಸುತ್ತಾದರೆ 56, ನೆಮ್ಮದಿಯ 2 ಸುತ್ತಾದರೆ 223 ಮೀಟರ್. ಅಷ್ಟು ದೊಡ್ಡದನ್ನು ಮೇಲೆ ಕಟ್ಟುವ ಖರ್ಚಿನ ಪ್ರಶ್ನೆಯಿಂದಲೇ ಇಂಥ ನಿಲ್ದಾಣ ಇನ್ನೂ ನಕ್ಷೆಯಲ್ಲಿ ಉಳಿದಿದೆ.

ಅಧ್ಯಾಪಕರೇ, ಈ ಚಿತ್ರವನ್ನು ತರಗತಿಯಲ್ಲಿ ಖಂಡಿತ ತೋರಿಸಿ. ನಿಲ್ದಾಣದ ದೃಶ್ಯವನ್ನು ತತ್ತ್ವಕ್ಕೆ ಉದಾಹರಣೆಯಾಗಿ ಕೊಡಿ. ಪೂಲ್ ಓಡುವ ದೃಶ್ಯ ಬಂದಾಗ ಚಿತ್ರವನ್ನು ನಿಲ್ಲಿಸಿ, ಅವನ ತೂಕ ಈಗ ಎಷ್ಟಿರಬೇಕು ಎಂದು ಕೇಳಿ. ಪ್ರೌಢಶಾಲೆಯ ವಿದ್ಯಾರ್ಥಿಗೆ ಗೊತ್ತಿರುವ ಗಣಿತವೇ ಇದಕ್ಕೆ ಸಾಕು. ತಿರುಗಿದರೆ ಗುರುತ್ವ ಬರುತ್ತದೆ ಎಂದಷ್ಟೇ ಕಲಿತವರು, ಅದು ಎಂಥ ಗುರುತ್ವ ಎಂದು ಆಗ ಕೇಳತೊಡಗುತ್ತಾರೆ.